ಬಿಸಿಲಿಗೆ ಜಗ್ಗದ ಹುಳು

ಟಿಳಕವಾಡಿಯಲ್ಲಿ ತರಕಾರಿ ಕೊಳ್ಳುವಾಗ ಎಲೆಕೋಸಿನ ಹೊರ ಎಲೆಗಳಲ್ಲಿ ಗಾಜಿನ ಕಿಟಕಿಯಂತಹ ತೆಳು ಕಲೆಗಳನ್ನು ನೀವು ಗಮನಿಸಿರಬಹುದು. ವಜ್ರಬೆನ್ನಿನ ಪತಂಗದ ಹಸಿರು ಮರಿಹುಳು ಎಲೆಯನ್ನು ಕೆರೆದು ತಿಂದು, ಮೇಲಿನ ಪೊರೆಯನ್ನು ಮಾತ್ರ ಬಿಟ್ಟ ಗುರುತು ಅದು. ಕೆಲವು ವರ್ಷಗಳ ಹಿಂದೆ, ಏಪ್ರಿಲ್‌ನಲ್ಲಿ, ತಾವೇ ಬೆಳೆದ ಕೋಸು ಮಾರುತ್ತಿದ್ದ ರೈತರೊಬ್ಬರು ನನ್ನನ್ನು ಕೇಳಿದರು: "ಸರ, ಬ್ಯಾಸಗಿ ವರ್ಷಾ ವರ್ಷಾ ಜೋರ್ ಆಗಾಕತ್ತೈತಿ. ಈ ಬಿಸಲಿಗೆ ಹುಳ ಸಾಯಂಗಿಲ್ಲೇನ್ರಿ?" ಸಾಯಬಹುದು ಎಂದುಬಿಟ್ಟೆ. ಭೌತವಿಜ್ಞಾನದ ಮೇಷ್ಟರ ಅವಸರದ ಉತ್ತರ.

ನನ್ನ ತರ್ಕ ಹೀಗಿತ್ತು. ಕೀಟಕ್ಕೆ ನಮ್ಮಂತೆ ಮೈಯ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲ. ಅದರ ಪ್ರೋಟೀನುಗಳು ದುರ್ಬಲ ಬಂಧಗಳಿಂದ ಮಡಚಿಕೊಂಡ ಸರಪಳಿಗಳು. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ನಿಂದ 40ಕ್ಕೆ ಏರಿದರೆ ಕೆಲ್ವಿನ್ ಮಾನದಲ್ಲಿ ಅದು 298ರಿಂದ 313, ಅಂದರೆ ಶೇಕಡ 5ರಷ್ಟೇ ಏರಿಕೆ. ಆದರೆ ಮಡಿಕೆಯನ್ನು ಹಿಡಿದಿಡುವ ಮತ್ತು ಬಿಚ್ಚುವ ಪ್ರವೃತ್ತಿಗಳು ಹೆಚ್ಚುಕಡಿಮೆ ಸಮಬಲದವು. ತಕ್ಕಡಿ ವಾಲಲು ಅಷ್ಟು ಸಾಕು. ಬಿಚ್ಚಿಕೊಂಡ ಪ್ರೋಟೀನುಗಳು ಬೇಯಿಸಿದ ಮೊಟ್ಟೆಯ ಬಿಳಿಭಾಗದಂತೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಇದಕ್ಕೆ ಕೀಟದ ಒಳಗೇ ಒಂದು ಏರ್ಪಾಡಿದೆ ಎಂಬುದನ್ನು ನಾನು ಮರೆತಿದ್ದೆ.

ಆ ಏರ್ಪಾಡು ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಇಟಲಿಯ ಫೆರುಚ್ಚಿಯೊ ರಿತೊಸ್ಸಾ ಡ್ರೊಸಾಫಿಲ ನೊಣದ ಮರಿಹುಳುಗಳ ಲಾಲಾಗ್ರಂಥಿಯಲ್ಲಿರುವ ದೈತ್ಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಜೀನ್ ಚುರುಕಾಗಿ ಕೆಲಸ ಮಾಡುವ ಜಾಗದಲ್ಲಿ ಈ ವರ್ಣತಂತು ಉಬ್ಬುತ್ತದೆ. ಒಮ್ಮೆ ಸಹೋದ್ಯೋಗಿಯೊಬ್ಬರು ಶಾಖಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ರಿತೊಸ್ಸಾ ನೋಡಿದಾಗ ಎಂದೂ ಇಲ್ಲದ ಕಡೆ ಉಬ್ಬುಗಳು! ಕಾರಣ ತಿಳಿದ ಮೇಲೆ ಬೇಕೆಂದೇ ಬಿಸಿ ಕೊಟ್ಟರು. ಮತ್ತೆ ಅವೇ ಉಬ್ಬುಗಳು. ಹೆಸರಾಂತ ಪತ್ರಿಕೆಯೊಂದು ಇದರಲ್ಲಿ ಜೈವಿಕ ಮಹತ್ವ ಕಾಣದೆ ಲೇಖನವನ್ನು ಹಿಂತಿರುಗಿಸಿತು. 1962ರಲ್ಲಿ 'ಎಕ್ಸ್‌ಪೀರಿಯೆಂಶಿಯ' ಅದನ್ನು ಪ್ರಕಟಿಸಿತು.

ಆ ಉಬ್ಬುಗಳು ತಯಾರಿಸುವುದೇನು ಎಂದು ತಿಳಿಯಲು 12 ವರ್ಷ ಬೇಕಾಯಿತು. ಬಿಸಿ ತಗಲಿದ ಕೂಡಲೇ ಹೊಸ ಪ್ರೋಟೀನುಗಳು ಹುಟ್ಟುವುದನ್ನು 1974ರಲ್ಲಿ ತಿಸ್ಸಿಯೇರ್, ಮಿಚೆಲ್ ಮತ್ತು ಟ್ರೇಸಿ ತೋರಿಸಿದರು. ಇವೇ ಉಷ್ಣಾಘಾತ ಪ್ರೋಟೀನುಗಳು. ಇವುಗಳಲ್ಲಿ ಪ್ರಸಿದ್ಧವಾದ ಎಚ್‌ಎಸ್‌ಪಿ-70, ಬಿಚ್ಚಿಕೊಂಡ ಸರಪಳಿಯನ್ನು ಗಂಟಾಗದಂತೆ ಹಿಡಿದು, ಮತ್ತೆ ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತದೆ. ಬ್ಯಾಕ್ಟೀರಿಯದಿಂದ ಮನುಷ್ಯನವರೆಗೆ ಇಂತಹ ಪ್ರೋಟೀನುಗಳಿವೆ. ಕೋಸಿನ ಹುಳುವಿನಲ್ಲಿ ಇಲ್ಲದಿರುತ್ತವೆಯೆ?

ಆದರೆ ಎಲ್ಲ ಊರಿನ ಪತಂಗಗಳ ತಾಳಿಕೆ ಒಂದೇ ಸಮವಲ್ಲ. ಈ ಪತಂಗದ ಜೀನೋಮ್ 2013ರಲ್ಲಿ ಪ್ರಕಟವಾಯಿತು. 2021ರಲ್ಲಿ, 6 ಖಂಡಗಳ 75 ಸ್ಥಳಗಳಿಂದ ಹಿಡಿದ ಪತಂಗಗಳ ಜೀನೋಮ್‌ಗಳನ್ನು ಹೋಲಿಸಿದಾಗ, ಹವೆಗೆ ಹೊಂದಿಕೊಂಡ ವ್ಯತ್ಯಾಸಗಳು ಹೆಚ್ಚುಕಡಿಮೆ ಅಕ್ಷಾಂಶದ ಪ್ರಕಾರ ಹರಡಿರುವುದು ಕಂಡಿತು. 'ಪಿಎಕ್ಸ್‌ಕ್ಯಾಡ್' ಎಂಬ ಜೀನನ್ನು ತಿದ್ದಿ ನೋಡಿದಾಗ ಅದಕ್ಕೂ ಉಷ್ಣತೆಗೂ ಸಂಬಂಧವಿರುವುದು ಖಚಿತವಾಯಿತು. ಅಂದರೆ ತಾಳಿಕೆಯ ಹೊಣೆ ಉಷ್ಣಾಘಾತ ಪ್ರೋಟೀನುಗಳದ್ದು ಮಾತ್ರವಲ್ಲ. ಬಹುಪಾಲು ಪ್ರದೇಶಗಳಲ್ಲಿ ಈ ಪತಂಗ ಮುಂದಿನ ಬಿಸಿಯನ್ನು ತಾಳಿಕೊಂಡು 2050ರ ನಂತರವೂ ಪೀಡೆಯಾಗಿಯೇ ಉಳಿಯುತ್ತದೆ ಎಂಬುದು ಆ ಅಧ್ಯಯನದ ಅಂದಾಜು.

ಇದನ್ನು ಓದಿದ ಮೇಲೆ ಆ ರೈತರನ್ನು ಹುಡುಕಿಕೊಂಡು ಹೋಗಿ, ಬಿಸಿಲನ್ನು ನಂಬಬೇಡಿ ಎಂದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನವನ್ನೂ ಹೇಳಿದೆ: ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಬಿತ್ತಿದರೆ ಪತಂಗ ಸಾಸಿವೆಯತ್ತ ಸೆಳೆಯಲ್ಪಟ್ಟು ಅಲ್ಲಿ ಮೊಟ್ಟೆಯಿಡುತ್ತದೆ. ಅವರು ನಕ್ಕು, "ಸಾಸಿವಿ ಹಾಕಿ ನೋಡ್ತೇನ್ರಿ ಸರ" ಎಂದರು.