ಯಾರದೋ ಮನೆಯಲ್ಲಿ ಮೂರು ರಾತ್ರಿ

ಸ್ಟ್ರೇಬೊ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಕಾಲೇಜಿನ ತರಗತಿಯಲ್ಲಿ. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಾಸ್ತನೀಸನ ‘ಇಂಡಿಕಾ’ ಇಡಿಯಾಗಿ ಉಳಿದಿಲ್ಲ. ಸ್ಟ್ರೇಬೊ, ಆರಿಯನ್ ಮೊದಲಾದ ಅನಂತರದವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡಿದ್ದರಿಂದಲೇ ಅದರ ತುಣುಕುಗಳು ನಮಗೆ ದಕ್ಕಿವೆ ಎಂದು ನಮ್ಮ ಅಧ್ಯಾಪಕರು ಹೇಳಿದ್ದರು. ಹದಿನೇಳು ಸಂಪುಟಗಳ ತನ್ನ ಭೂಗೋಳ ಗ್ರಂಥದಲ್ಲಿ ಹದಿನೈದನೆಯದನ್ನು ಈತ ಆರಂಭಿಸುವುದೇ ಭಾರತದ ವರ್ಣನೆಯಿಂದ. ಆದರೆ ಭಾರತವನ್ನು ಅವನು ಕಂಡವನಲ್ಲ. ಅವನಿಗೂ ಒಂದು ಹುಟ್ಟೂರು ಇದ್ದಿರಬೇಕು, ಅಲ್ಲಿ ಒಂದು ಹೊಳೆ ಹರಿಯುತ್ತಿರಬೇಕು ಎಂಬ ಯೋಚನೆ ಪರೀಕ್ಷೆಗೆ ಓದುತ್ತಿದ್ದ ನಮಗೆ ಬರಲಿಲ್ಲ. ಆ ಊರಿನಲ್ಲಿ ಮೂರು ರಾತ್ರಿ ತಂಗುವ ಯೋಗ ನಿವೃತ್ತಿಯ ಅನಂತರ ಒದಗಿತು.

ಊರಿನ ಹೆಸರು ಅಮಾಸ್ಯಾ. ತುರ್ಕಿಯ ಉತ್ತರ ಭಾಗದಲ್ಲಿದೆ. ಅಂಕಾರಾದಿಂದ ಬಸ್ಸಿನಲ್ಲಿ ಹೊರಟರೆ ಸುಮಾರು ಐದು ಗಂಟೆಯ ದಾರಿ. ಎರಡು ಕಡಿದಾದ ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಯೆಶಿಲಿರ್ಮಾಕ್ ನದಿ ಹರಿಯುತ್ತದೆ. ಹೆಸರಿನ ಅರ್ಥ ಹಸಿರು ನದಿ. ನಾನು ಕಂಡಾಗ ಮಾತ್ರ ನೀರು ಕೆಮ್ಮಣ್ಣಿನ ಬಣ್ಣದ್ದಾಗಿತ್ತು. ಗ್ರೀಕರು ಇದನ್ನೇ ಐರಿಸ್ ಎಂದು ಕರೆದರು. ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಮಗಳು ನನ್ನ ಜೊತೆಗಿದ್ದಳು. ಅವಳು ಕಾದಿರಿಸಿದ್ದು ನದಿಯ ಉತ್ತರ ದಡದ ಒಂದು ಹಳೆಯ ಮನೆಯನ್ನು. ಇಂಥದನ್ನು ಈಗ ಬುಟೀಕ್ ಹೋಟೆಲು ಎನ್ನುತ್ತಾರೆ. ಈ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕೋ ನನಗೆ ಹೊಳೆಯಲಿಲ್ಲ. ಹೋಟೆಲು ಎನ್ನಲು ಅದು ಚಿಕ್ಕದು, ಮನೆ ಎನ್ನಲು ನಾವು ದುಡ್ಡು ಕೊಟ್ಟಿದ್ದೆವು.

ಆ ದಡದಲ್ಲಿ ಇಂಥ ಮನೆಗಳ ಸಾಲೇ ಇದೆ. ಆಟೋಮನ್ ಕಾಲದವು, ಬಹುಮಟ್ಟಿಗೆ 19ನೆಯ ಶತಮಾನದವು. ಪ್ರಾಚೀನ ಕೋಟೆಗೋಡೆಯೇ ಇವುಗಳಿಗೆ ಬುನಾದಿ. ಕೆಳಗೆ ನೀರು, ಅದರ ಮೇಲೆ ಕಲ್ಲಿನ ಗೋಡೆ, ಗೋಡೆಯ ನೆತ್ತಿಯ ಮೇಲೆ ಬಿಳಿಯ ಗಾರೆ ಬಳಿದ ಮನೆ. ಮಾಳಿಗೆ ಮಾತ್ರ ಗೋಡೆಯನ್ನು ದಾಟಿ ನದಿಯ ಕಡೆಗೆ ಚಾಚಿಕೊಂಡು, ಓರೆಯಾದ ಮರದ ಊರೆಗಳ ಮೇಲೆ ನಿಂತಿರುತ್ತದೆ. ಕಟ್ಟುವ ಕ್ರಮ ಸರಳವಾದದ್ದು: ಮೊದಲು ಮರದ ಚೌಕಟ್ಟು, ಅದರ ಸಂದುಗಳಲ್ಲಿ ಹಸಿ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಮರ ಬಾಗುವುದರಿಂದ ಭೂಕಂಪದಲ್ಲಿ ಇಂಥ ಮನೆ ಅಲುಗಿದರೂ ಸುಲಭವಾಗಿ ಉರುಳದು. ಅದರ ನಿಜವಾದ ಶತ್ರು ಬೆಂಕಿ.

ನನ್ನ ಕೋಣೆಯ ಮೂರು ಬದಿಗೆ ಗೋಡೆಗೆ ಅಂಟಿಕೊಂಡ ತಗ್ಗು ಜಗಲಿ, ಅದರ ಮೇಲೆ ಮೆತ್ತೆ. ಒಂದೇ ಕೋಣೆ ಹಗಲು ಪಡಸಾಲೆ, ಇರುಳು ಮಲಗುವ ಮನೆ; ಹಾಸಿಗೆಯನ್ನು ಮಡಿಸಿ ಬೀರುವಿನಲ್ಲಿ ಇಟ್ಟುಬಿಡುವುದು ಹಿಂದಿನ ಪದ್ಧತಿ. ಅದೇ ಬೀರುವಿನ ಇನ್ನೊಂದು ಬಾಗಿಲನ್ನು ತೆರೆದರೆ ಒಬ್ಬರು ನಿಲ್ಲುವಷ್ಟೇ ಜಾಗದ ಸ್ನಾನದ ಗೂಡು. ಹಳೆಯ ಕಾಲದಲ್ಲಿ ತಂಬಿಗೆಯಲ್ಲಿ ನೀರು ಸುರಿದುಕೊಳ್ಳುತ್ತಿದ್ದ ಆ ಗೂಡಿನಲ್ಲಿ ಈಗ ಬಿಸಿನೀರಿನ ಷವರು ಇದೆ. ಬಾಗಿಲವಾಡಗಳು ಮಾತ್ರ ಹಳೆಯ ಎತ್ತರದವೇ. ಮೊದಲ ದಿನ ನನ್ನ ಹಣೆ ಅದಕ್ಕೆ ಎರಡು ಸಲ ಸಾಕ್ಷಿ ನುಡಿಯಿತು.

ಕಿಟಕಿಯಾಚೆ ತಲೆಯೆತ್ತಿ ನೋಡಿದರೆ ಹಾರ್ಷೆನಾ ಬೆಟ್ಟದ ಬಂಡೆಯಲ್ಲಿ ಪಾಂಟಸ್ ರಾಜರ ಗೋರಿಗಳು. ಬಂಡೆಯನ್ನು ಸುತ್ತಲೂ ಕೊರೆದು ಒಂದೊಂದು ಗೋರಿಯನ್ನೂ ಬಿಡಿ ಗುಡಿಯ ಹಾಗೆ ನಿಲ್ಲಿಸಿದ್ದಾರೆ. ಕ್ರಿ.ಪೂ. 183ರಲ್ಲಿ ಸಿನೋಪ್ ಬಂದರು ಇವರ ಕೈವಶವಾಯಿತು. ರಾಜಧಾನಿ ಆ ಕಡಲತೀರಕ್ಕೆ ಹೋಗುವ ತನಕ ಅವರು ಆಳಿದ್ದು ಇಲ್ಲಿಂದಲೇ. ರಾತ್ರಿ ಈ ಗೋರಿಗಳಿಗೆ ಬಣ್ಣದ ದೀಪ ಹಾಕುತ್ತಾರೆ. ಅದು ನನಗೆ ರುಚಿಸಲಿಲ್ಲ. ಆದರೆ ನದಿಯ ನೀರಿನಲ್ಲಿ ಅದರ ನೆರಳು ಬಿದ್ದಾಗ ಕಣ್ಣು ತೆಗೆಯಲಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಸ್ಟ್ರೇಬೊ ಹುಟ್ಟಿದ್ದು ಕ್ರಿ.ಪೂ. 64ರ ಸುಮಾರಿಗೆ. ತನ್ನ ಗ್ರಂಥದ ಹನ್ನೆರಡನೆಯ ಸಂಪುಟದಲ್ಲಿ ಈ ಊರನ್ನು ಅವನು ವರ್ಣಿಸಿದ್ದಾನೆ. ಬೆಟ್ಟದ ಅವಳಿ ಶಿಖರಗಳು, ನದಿಯವರೆಗೆ ಇಳಿಯುವ ಕೋಟೆ, ಕೋಟೆಯೊಳಗೆ ಅರಮನೆ ಮತ್ತು ರಾಜರ ಸ್ಮಾರಕಗಳು, ಎರಡು ಸೇತುವೆಗಳು, ಮುತ್ತಿಗೆಯಲ್ಲೂ ನೀರು ತಪ್ಪದಂತೆ ಬಂಡೆಯಲ್ಲಿ ಕೊರೆದ ಎರಡು ಸುರಂಗಗಳು—ಎಲ್ಲವನ್ನೂ ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸುತ್ತಾನೆ. ಹುಟ್ಟೂರು ಎಂಬ ಕಾರಣಕ್ಕೆ ಒಂದು ವಿಶೇಷಣವನ್ನೂ ಹೆಚ್ಚಿಗೆ ಸುರಿದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಅವನ ತಾಯಿಯ ಕಡೆಯವರು ಪಾಂಟಸ್ ರಾಜರಿಗೆ ಬೇಕಾದವರು. ರೋಮಿನೊಡನೆ ದೀರ್ಘಕಾಲ ಹೋರಾಡಿದ ಆರನೆಯ ಮಿಥ್ರಿಡೇಟಿಸನ ಕಾಲದಲ್ಲಿ ಅವನ ತಾತ ದೊರೆಯ ಮೇಲಿನ ಸಿಟ್ಟಿನಿಂದ ಹದಿನೈದು ಕಾವಲುಕೋಟೆಗಳನ್ನು ರೋಮಿನ ಸೇನಾನಿ ಲುಕುಲಸನ ಪಕ್ಷಕ್ಕೆ ತಿರುಗಿಸಿದ. ಪ್ರತಿಫಲದ ಮಾತುಗಳೇನೋ ಬಂದವು. ಆದರೆ ಲುಕುಲಸನ ಸ್ಥಾನಕ್ಕೆ ಬಂದ ಪಾಂಪಿಗೆ ಇವನ ಮೇಲೆ ಮತ್ಸರ. ಇವನಿಗೆ ನೆರವಾದವರನ್ನೆಲ್ಲ ಆತ ವೈರಿಗಳೆಂದೇ ಎಣಿಸಿದ. ತಾತನಿಗೆ ಏನೂ ದಕ್ಕಲಿಲ್ಲ. ಇದನ್ನು ಬರೆಯಲೇಬೇಕೆಂಬ ನಿರ್ಬಂಧ ಮೊಮ್ಮಗನಿಗೆ ಇರಲಿಲ್ಲ, ಆದರೂ ಬರೆದ. ಮನೆತನದ ಮುಜುಗರವನ್ನು ಅಡಗಿಸಿಡದೆ ಊರಿನ ವಿವರದ ಪಕ್ಕದಲ್ಲೇ ದಾಖಲಿಸಿದ ಆ ಮನುಷ್ಯನ ಬಗೆಗೆ ನನಗೆ ಆ ಊರಿನಲ್ಲಿ ಹೊಸದಾಗಿ ಗೌರವ ಹುಟ್ಟಿತು.

ಆಟೋಮನ್ನರ ಕಾಲದಲ್ಲಿ ಇದು ರಾಜಕುಮಾರರು ಆಡಳಿತ ಕಲಿಯುವ ಊರಾಗಿತ್ತು. ಎರಡನೆಯ ಬಾಯೆಜಿದ್ ಪಟ್ಟಕ್ಕೆ ಬರುವ ಮುಂಚೆ ದೀರ್ಘಕಾಲ ಇಲ್ಲಿದ್ದ; 1486ರಲ್ಲಿ ಪೂರ್ಣಗೊಂಡ ಅವನ ಹೆಸರಿನ ಮಸೀದಿ ನದಿಯ ಆಚೆ ದಡದಲ್ಲಿದೆ. 1541ರಿಂದ ಇಲ್ಲಿದ್ದ ಮುಸ್ತಫಾನ ಕಥೆ ದಾರುಣವಾದದ್ದು: 1553ರಲ್ಲಿ ತಂದೆ ಸುಲೇಮಾನನ ಕರೆಗೆ ಓಗೊಟ್ಟು ದಂಡಿನ ಪಾಳೆಯಕ್ಕೆ ಹೋದವನನ್ನು ತಂದೆಯ ಗುಡಾರದಲ್ಲೇ ಕೊರಳು ಬಿಗಿದು ಕೊಂದರು. 2015ರಲ್ಲಿ ಊರಿನವರು ಹೊಳೆಯ ದಂಡೆಯ ಮೇಲೆ ಒಬ್ಬ ರಾಜಕುಮಾರ ಕೈಫೋನಿನಲ್ಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಪ್ರತಿಮೆಯನ್ನು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಯಾರೋ ಆ ಫೋನನ್ನು ಮುರಿದರಂತೆ. ಮುರಿದವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ.

ಇಲ್ಲಿಯ ಆಸ್ಪತ್ರೆಯ ಮಾತನ್ನೂ ಹೇಳಬೇಕು. ಮಂಗೋಲರ ಆಳ್ವಿಕೆಯಲ್ಲಿ, 1308–09ರಲ್ಲಿ, ಕಟ್ಟಿದ ಈ ಚಿಕಿತ್ಸಾಲಯದಲ್ಲಿ ಷೆರೆಫೆದ್ದೀನ್ ಸಬುಂಜುವೋಲು ಎಂಬ ವೈದ್ಯ ಕೆಲಸ ಮಾಡುತ್ತಿದ್ದ. 1465ರಲ್ಲಿ ಈತ ಚಿತ್ರಗಳ ಸಹಿತ ಶಸ್ತ್ರಚಿಕಿತ್ಸಾ ಗ್ರಂಥವೊಂದನ್ನು ಬರೆದ. ಅದನ್ನು ವಿದ್ವಾಂಸರ ಅರಬ್ಬಿಯಲ್ಲಿ ಬರೆಯದೆ ಜನರಾಡುವ ತುರ್ಕಿಯಲ್ಲಿ ಬರೆದ. ಆಟೋಮನ್ ಲಿಪಿಕಾರರ ಗುರುಪರಂಪರೆಗೆ ಮೂಲಪುರುಷನೆನಿಸಿದ ಶೇಖ್ ಹಮ್ದುಲ್ಲಾ ಕೂಡ ಇದೇ ಊರಿನವನು. ಕನ್ನಡ ಮೇಷ್ಟರಾದ ನನಗೆ ಈ ಇಬ್ಬರೂ ಆಪ್ತರಾಗಿ ಕಂಡರು. ಆದರೆ 1928ರ ನವೆಂಬರಿನಲ್ಲಿ ತುರ್ಕಿ ತನ್ನ ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಗೆ ಬಂದಿತು. ಅಕ್ಷರ ಕಲಿಯುವುದು ಸುಲಭವಾಯಿತು, ಸಾಕ್ಷರತೆ ಹೆಚ್ಚಿತು, ಅದು ನಿಜ. ಹಮ್ದುಲ್ಲಾನ ಊರಿನ ಇಂದಿನ ಹುಡುಗ ಹಮ್ದುಲ್ಲಾನ ಅಕ್ಷರವನ್ನು ಓದಲಾರ ಎಂಬುದೂ ನಿಜ.

ಈ ಮಾತು ನೆನಪಾದದ್ದು ನನ್ನ ಕೋಣೆಯ ಬಾಗಿಲಿನ ಮೇಲಿದ್ದ ಒಂದು ಹಳೆಯ ಮರದ ಫಲಕದಿಂದ. ಕಪ್ಪಾದ ಹಲಗೆಯಲ್ಲಿ ಉಬ್ಬಾಗಿ ಕೆತ್ತಿದ ಅರಬ್ಬಿ ಅಕ್ಷರ, ಕೆಳಗೆ ಅಂಕಿಗಳು. ಮನೆಯ ಯಜಮಾನರನ್ನು ಅದೇನೆಂದು ಕೇಳಿದೆ. ಅವರು ಜರ್ಮನಿಯಲ್ಲಿ ಬಹುಕಾಲ ದುಡಿದು ಬಂದವರು. ಮಗಳು ನಮ್ಮಿಬ್ಬರ ನಡುವೆ ದುಭಾಷಿ. ‘ನನಗೆ ಓದಲು ಬರುವುದಿಲ್ಲ. ಅತಿಥಿಗಳಲ್ಲಿ ಯಾರಾದರೂ ಓದಿಯಾರೆಂದು ಕಾಯುತ್ತಿದ್ದೇನೆ’ ಎಂದರು.

ಮೂರನೆಯ ಸಂಜೆ ಚಹದ ಹೊತ್ತಿನಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಈ ಮನೆಯನ್ನು ಕಟ್ಟಿದವರು ಯಾರು? ಅವರು ಕೊಟ್ಟ ಪರಿಚಯ ಪುಸ್ತಿಕೆಯಲ್ಲಿ ಮಿಥ್ರಿಡೇಟಿಸ್ ಇದ್ದ, ಸ್ಟ್ರೇಬೊ ಇದ್ದ, ರಾಜಕುಮಾರರಿದ್ದರು, 1919ರ ಜೂನ್ 22ರಂದು ಮುಸ್ತಫಾ ಕೆಮಾಲ್ ಇಲ್ಲಿಂದ ಹೊರಡಿಸಿದ ಸುತ್ತೋಲೆ ಇತ್ತು. ಎರಡು ಸಾವಿರ ವರ್ಷದ ಚರಿತ್ರೆ ಇತ್ತು. ಕಟ್ಟಿದವನ ಹೆಸರು ಇರಲಿಲ್ಲ.

ನನಗೆ ತಿಳಿದಿದ್ದ ಕಾರಣದಿಂದಲೇ ಆ ಪ್ರಶ್ನೆ ಕೇಳಿದ್ದು. ಈ ಊರಿನಲ್ಲಿ ಒಂದು ಕಾಲಕ್ಕೆ ಅರ್ಮೇನಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದರು, ಗ್ರೀಕ್ ಕ್ರೈಸ್ತರೂ ಇದ್ದರು. 1915ರ ಬೇಸಗೆಯಲ್ಲಿ ಅರ್ಮೇನಿಯನ್ನರನ್ನು ಊರಿನಿಂದ ಹೊರಡಿಸಿದರು. ಗಂಡಸರಲ್ಲಿ ಬಹಳ ಮಂದಿಯನ್ನು ಕೊಂದರು, ಉಳಿದವರನ್ನು ದಕ್ಷಿಣದ ಮರುಭೂಮಿಯತ್ತ ನಡೆಸಿದರು, ಹಿಂದಿರುಗಿದವರು ಕಡಮೆ. 1923ರಲ್ಲಿ ಲೋಸಾನಿನಲ್ಲಿ ಆದ ಒಪ್ಪಂದದಂತೆ ತುರ್ಕಿಯ ಗ್ರೀಕ್ ಕ್ರೈಸ್ತರು ಗ್ರೀಸಿಗೂ ಗ್ರೀಸಿನ ಮುಸಲ್ಮಾನರು ತುರ್ಕಿಗೂ ಹೋಗಬೇಕಾಯಿತು. ಜನರನ್ನೇ ಅದಲುಬದಲು ಮಾಡಿದ ಒಪ್ಪಂದ ಅದು.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ನನ್ನ ತಾತ ಸಲೋನಿಕಾದ ಕಡೆಯ ಹಳ್ಳಿಯಿಂದ ಬಂದವನು. ಅಲ್ಲಿ ಹೊಲ ಮನೆ ಬಿಟ್ಟು ಬಂದ. ಸರಕಾರ ಅವನಿಗೆ ಇದನ್ನು ಕೊಟ್ಟಿತು. ಬಾಗಿಲು ತೆರೆದೇ ಇತ್ತಂತೆ. ಯಾರ ಮನೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ.’ ಮತ್ತೆ ಸ್ವಲ್ಪ ತಡೆದು, ‘ಅಲ್ಲಿ ಅವನ ಮನೆಯಲ್ಲಿ ಈಗ ಯಾರಿದ್ದಾರೋ ಅದೂ ನಮಗೆ ಗೊತ್ತಿಲ್ಲ’ ಎಂದರು. ನನ್ನ ಪ್ರಶ್ನೆಯ ಬಗೆಗೆ ನನಗೇ ನಾಚಿಕೆಯಾಯಿತು. ಹಾಗೆಂದು ಕೇಳಬಾರದಿತ್ತೆಂದು ಇವತ್ತಿಗೂ ಅನ್ನಿಸಿಲ್ಲ.

ಮರುದಿನ ಹೊರಡುವ ಮುಂಚೆ ಆ ಫಲಕದ ಚಿತ್ರವನ್ನು ತೆಗೆಸಿಕೊಂಡೆ. ಅಮಾಸ್ಯಾದ ಸೇಬು ಆ ದೇಶದಲ್ಲಿ ಹೆಸರುವಾಸಿ. ಯಜಮಾನರು ಒಂದು ಚೀಲ ತುಂಬ ಕಟ್ಟಿಕೊಟ್ಟರು. ಮೈಸೂರಿಗೆ ಬಂದ ಮೇಲೆ, ನನ್ನೊಡನೆ ಒಂದೇ ಕಾಲೇಜಿನಲ್ಲಿ ಉರ್ದು ಕಲಿಸುತ್ತಿದ್ದ ಗೆಳೆಯರಿಗೆ ಚಿತ್ರವನ್ನು ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ಅರೆನಿಮಿಷವೂ ತೆಗೆದುಕೊಳ್ಳಲಿಲ್ಲ. ‘ಯಾ ಹಾಫಿಜ್. ಓ ಕಾಪಾಡುವವನೇ ಎಂದು. ಕೆಳಗಿರುವುದು 1309, ಹಿಜರಿ.’ ಎಂದರೆ ನಮ್ಮ ಲೆಕ್ಕದಲ್ಲಿ 1891–92. ಬೆಂಕಿ ಮೊದಲಾದ ಆಪತ್ತುಗಳಿಂದ ಮನೆಯನ್ನು ಕಾಯಲೆಂದು ಆಟೋಮನ್ನರು ಇಂಥ ಫಲಕವನ್ನು ಇಡುತ್ತಿದ್ದರೆಂದು ಆಮೇಲೆ ಓದಿ ತಿಳಿದುಕೊಂಡೆ.

ನನಗೆ ಒಂದು ಬಗೆಯ ನಿರಾಳವಾಯಿತು. ಈ ಫಲಕವನ್ನು ಇಟ್ಟವನು ಮುಸಲ್ಮಾನನೇ ಇರಬೇಕು. ಹಾಗಾದರೆ ನಾನು ಮಲಗಿದ್ದ ಮನೆ 1915ರಲ್ಲಿ ಬರಿದಾದ ಮನೆಯಲ್ಲ, 1923ರಲ್ಲಿ ಬರಿದಾದದ್ದೂ ಅಲ್ಲ. ತಾತನ ಕಥೆಯೊಡನೆ ಇದು ಹೊಂದುವುದಿಲ್ಲವೆಂಬುದು ಹೊಳೆಯದೆ ಇರಲಿಲ್ಲ. ಅದನ್ನು ಬದಿಗೆ ಸರಿಸಿದೆ. ಮಗಳಿಂದ ಜರ್ಮನ್ ಭಾಷೆಯಲ್ಲಿ ಬರೆಸಿ ಯಜಮಾನರಿಗೆ ಅರ್ಥವನ್ನೂ ವರ್ಷವನ್ನೂ ತಿಳಿಸಿದೆ.

ಒಂದು ವಾರದಲ್ಲಿ ಉತ್ತರ ಬಂದಿತು. ಮೈಸೂರಿನ ಗೆಳೆಯರಿಗೆ ಸಲಾಮು ಹೇಳಿದ್ದರು. ಪುಸ್ತಿಕೆಯ ಮುಂದಿನ ಮುದ್ರಣದಲ್ಲಿ ಆ ಅರ್ಥವನ್ನು ಸೇರಿಸುವುದಾಗಿ ಬರೆದಿದ್ದರು. ವರ್ಷವನ್ನು ಮಾತ್ರ ಹಾಕುವುದಿಲ್ಲವಂತೆ. ಆ ಫಲಕ ಈ ಮನೆಯದಲ್ಲ. ಜೀರ್ಣೋದ್ಧಾರದ ಕಾಲದಲ್ಲಿ ಬಾಗಿಲಿನ ಮೇಲಿನ ಜಾಗ ಬರಿದಾಗಿತ್ತು. ಅಲ್ಲಿ ಏನೋ ಇದ್ದು ಕಿತ್ತ ಗುರುತಿತ್ತು. ಬೋಳಾಗಿ ಕಾಣುತ್ತದೆಂದು ವಾಸ್ತುಶಿಲ್ಪಿ ಅಂಕಾರಾದ ಹಳೆಯ ಸಾಮಾನಿನ ಅಂಗಡಿಯೊಂದರಿಂದ ಅದನ್ನು ಕೊಂಡು ತಂದು ಹೊಡೆಸಿದ್ದ.