ಎತ್ತರದಲ್ಲಿ ಸೂಪರ್‌ಚಾರ್ಜರ್: ಗೇಜಿನ ಅಂಕಿಯನ್ನು ಓದುವ ಬಗೆ

ಅಮೆರಿಕದ ಕೊಲರಾಡೋದಲ್ಲಿರುವ ಪೈಕ್ಸ್ ಪೀಕ್ ಶಿಖರದ ಎತ್ತರ 14,115 ಅಡಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 60ರಷ್ಟು ಮಾತ್ರ. 1916ರಿಂದ ಈ ಬೆಟ್ಟದ ದಾರಿಯಲ್ಲಿ ಕಾರು ರೇಸ್ ನಡೆಯುತ್ತಿದೆ. ಆದರೆ ಎಂಜಿನ್ ಚರಿತ್ರೆಯಲ್ಲಿ ಆ ಶಿಖರಕ್ಕೆ ಹೆಸರು ಬಂದದ್ದು 1918ರಲ್ಲಿ. ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ವಿಮಾನ ಎಂಜಿನ್ನೊಂದನ್ನು ಟ್ರಕ್ಕಿನಲ್ಲಿ ಹೇರಿಕೊಂಡು ಅಲ್ಲಿಗೆ ಹೋದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಶಿಖರದಲ್ಲಿ 230ಕ್ಕೆ ಕುಸಿಯಿತು. ಹೊಗೆಯ ಬಲದಿಂದ ತಿರುಗುವ ತಮ್ಮ ಟರ್ಬೊ ಸೂಪರ್‌ಚಾರ್ಜರನ್ನು ಜೋಡಿಸಿದಾಗ ಅದೇ ಎಂಜಿನ್ 356 ಕೊಟ್ಟಿತು. ಕಳೆದುಹೋದ ಗಾಳಿಯನ್ನು ಮತ್ತೆ ತುಂಬಬಹುದೆಂದು ಅಂದೇ ಸಾಬೀತಾಯಿತು. ಆ ಗಾಳಿಗೆ ತಕ್ಕಷ್ಟು ಪೆಟ್ರೋಲು ಹೋಗುತ್ತಿದೆಯೇ ಎಂಬುದನ್ನು ಓಡುವ ಕಾರಿನಲ್ಲೇ ನಂಬಿಕೆಯಿಂದ ಅಳೆಯಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು.

ಒಂದು ಭಾಗ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಕಾರ್ಬ್ಯುರೇಟರ್‌ಗೆ ಗಾಳಿಯ ತೂಕ ತಿಳಿಯುವುದಿಲ್ಲ, ಅದರ ಸೆಳೆತ ಮಾತ್ರ ತಿಳಿಯುತ್ತದೆ. ಗಾಳಿ ತೆಳುವಾದಂತೆ ಮಿಶ್ರಣ ರಿಚ್ ಆಗುತ್ತಾ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತಾ ಹೋಗುತ್ತದೆ. ಸಮುದ್ರಮಟ್ಟದಲ್ಲಿ 14.7ಕ್ಕೆ ಕೂರಿಸಿದ ಜೆಟ್ ಪೈಕ್ಸ್ ಪೀಕ್ ತುದಿಯಲ್ಲಿ ಸುಮಾರು 11.8ಕ್ಕೆ ಬಂದು ನಿಲ್ಲುತ್ತದೆ. ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಬಹಳ ಕಾಲ ಮೆಕ್ಯಾನಿಕ್‌ಗಳ ಕೈಯಲ್ಲಿದ್ದ ‘ರೀಡಿಂಗ್’ ಎಂದರೆ ಪ್ಲಗ್ಗಿನ ಆ ಬಣ್ಣವೇ.

ಅಂಕಿಯ ಲೆಕ್ಕ ಮೊದಲು ರೂಢಿಗೆ ಬಂದದ್ದು ವಿಮಾನಗಳಲ್ಲಿ. 1937ರಲ್ಲಿ ಅಮೇಲಿಯಾ ಇಯರ್‌ಹಾರ್ಟ್ ಹಾರಿಸಿದ ಲಾಕ್‌ಹೀಡ್ ಎಲೆಕ್ಟ್ರಾದ ಎಂಜಿನ್‌ಗಳಿಗೆ ಗೇರಿನಿಂದ ತಿರುಗುವ ಸೂಪರ್‌ಚಾರ್ಜರ್ ಇತ್ತು. ಹೊಗೆಯನ್ನು ಪರೀಕ್ಷಿಸಿ ಮಿಶ್ರಣ ತಿಳಿಸುವ ಕೇಂಬ್ರಿಜ್ ಮೀಟರ್ ಕೂಡ ಇತ್ತು. ಲಾಕ್‌ಹೀಡ್‌ನ ಕೆಲ್ಲಿ ಜಾನ್ಸನ್ ಆಕೆಗೆ ಕಳಿಸಿದ ಸೂಚನೆಗಳಲ್ಲಿ ಎಂಜಿನ್ ವೇಗ, ಮ್ಯಾನಿಫೋಲ್ಡ್ ಒತ್ತಡ, ಕೇಂಬ್ರಿಜ್ ರೀಡಿಂಗ್ ಮೂರೂ ಜೊತೆಜೊತೆಗೆ ಬರುತ್ತವೆ. ಮಿಶ್ರಣದ ಅಂಕಿಯನ್ನು ಒಂಟಿಯಾಗಿ ಓದಬಾರದೆಂಬ ಪಾಠ ಅಲ್ಲಿಯೇ ಇದೆ.

ಇನ್ನೂ ಒಂದು ಜಾಣ್ಮೆ ವಿಮಾನದವರಲ್ಲಿತ್ತು. ಅಮೆರಿಕನ್ನರು ಮ್ಯಾನಿಫೋಲ್ಡ್ ಒತ್ತಡವನ್ನು ಶೂನ್ಯದಿಂದ ಎಣಿಸಿ ಪಾದರಸದ ಅಂಗುಲಗಳಲ್ಲಿ ಹೇಳುತ್ತಿದ್ದರು. ಬ್ರಿಟಿಷರ ಮರ್ಲಿನ್ ಎಂಜಿನ್‌ನ ಬೂಸ್ಟ್ ಗೇಜು ಸಮುದ್ರಮಟ್ಟದ ಒತ್ತಡವನ್ನೇ ಸೊನ್ನೆಯೆಂದು ಹಿಡಿಯುತ್ತಿತ್ತು. ಎಷ್ಟೇ ಎತ್ತರಕ್ಕೇರಿದರೂ ಆ ಸೊನ್ನೆ ಕದಲುತ್ತಿರಲಿಲ್ಲ. ಕಾರಿನವರು ಇದನ್ನು ಕಲಿಯಲಿಲ್ಲ. ಸಾಮಾನ್ಯ ಕಾರಿನ ಬೂಸ್ಟ್ ಗೇಜು ಇವತ್ತಿಗೂ ಕಾರು ನಿಂತ ಜಾಗದ ಗಾಳಿಯೊಂದಿಗೆ ಹೋಲಿಸಿ ಅಂಕಿ ತೋರಿಸುತ್ತದೆ. ಎತ್ತರದ ಗೊಂದಲಗಳಲ್ಲಿ ಅರ್ಧಪಾಲು ಹುಟ್ಟುವುದು ಇಲ್ಲಿಂದ ಎಂಬುದು ನನ್ನ ದೃಢ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 14.7 ಪಿಎಸ್‌ಐ, ಬೂಸ್ಟ್ 8, ಒಟ್ಟು 22.7. ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಗಾಳಿಯನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಇಲ್ಲಿ ಸುಮಾರು 1.54 ಪಟ್ಟು, ಒತ್ತುತ್ತದೆ. ಪೈಕ್ಸ್ ಪೀಕ್ ತುದಿಯಲ್ಲಿ ಹೊರಗಿನ ಒತ್ತಡವೇ 8.8. ಒತ್ತಿದ ಮೇಲೆ 13.6. ಗೇಜು ತೋರಿಸುವುದು 4.8. ಬೆಲ್ಟ್ ಜಾರುತ್ತಿದೆಯೆಂದು ಚಿಕ್ಕ ಪುಲ್ಲಿ ಹಾಕಲು ಹೊರಡುವವರಿದ್ದಾರೆ. ಬೆಲ್ಟ್ ಸರಿಯಾಗಿಯೇ ಇದೆ. ಗೇಜು ಬೂಸ್ಟ್ ತೋರಿಸುತ್ತಿದ್ದರೂ ಎಂಜಿನ್ ಕಾಣುತ್ತಿರುವ ಒತ್ತಡ ಮಂಗಳೂರಿನ ಕಡಲತೀರದ ಬರಿಗಾಳಿಗಿಂತ ಕಡಿಮೆ!

ಕಾರಿಗೆ ಮಿಶ್ರಣ ಅಳೆಯುವ ಕಣ್ಣು ಬಂದದ್ದು 1976ರಲ್ಲಿ, ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ಮೊದಲ ಬಾರಿಗೆ ವೋಲ್ವೋ ಕಾರುಗಳಲ್ಲಿ ಕೂತಾಗ. ಕೆಟಲಿಟಿಕ್ ಕನ್ವರ್ಟರ್‌ಗೆ ಬೇಕಾದ 14.7ರ ಗಡಿಯನ್ನು ಅದು ಚೊಕ್ಕವಾಗಿ ಹಿಡಿಯಿತು. ಆದರೆ ಅದಕ್ಕೆ ಗೊತ್ತಿದ್ದದ್ದು ಗಡಿಯ ಆಚೆ, ಈಚೆ ಎಂಬುದಷ್ಟೇ. ಪೂರ್ತಿ ಥ್ರಾಟಲ್‌ನಲ್ಲಿ 12ರ ಸುತ್ತ ಓಡುವ ಸೂಪರ್‌ಚಾರ್ಜ್ ಎಂಜಿನ್‌ಗೆ ಅದರಿಂದ ದೊಡ್ಡ ಉಪಯೋಗವಿರಲಿಲ್ಲ. ಆ ಕೊರತೆ ನೀಗಿಸಿದ್ದು 1990ರ ದಶಕದಲ್ಲಿ ಬಂದ ವೈಡ್‌ಬ್ಯಾಂಡ್ ಸೆನ್ಸರ್. ಅದರೊಳಗಿನ ಪುಟ್ಟ ಕೋಣೆಯಲ್ಲಿ ಆಕ್ಸಿಜನ್ ಸದಾ ಸಮವಾಗಿರುವಂತೆ ಒಂದು ಪಂಪ್ ಸೆಲ್ ಆಕ್ಸಿಜನ್ನನ್ನು ಒಳಗೂ ಹೊರಗೂ ಸಾಗಿಸುತ್ತದೆ. ಅದಕ್ಕೆ ತಗಲುವ ವಿದ್ಯುತ್ ಪ್ರವಾಹವೇ ರೀಡಿಂಗ್.

ಎತ್ತರದಲ್ಲಿ ಈ ಸೆನ್ಸರ್ ಕೂಡ ತಪ್ಪು ಹೇಳಬಲ್ಲದು. ಹೊಗೆಯ ಒತ್ತಡ ಇಳಿದರೆ ಆ ಪ್ರವಾಹವೂ ಇಳಿಯುತ್ತದೆ, ಆಗ ಅಂಕಿ 14.7ರ ಕಡೆಗೆ ಸರಿಯುತ್ತದೆ. ಅಂದರೆ ನಿಜವಾಗಿ ರಿಚ್ ಇರುವ ಎಂಜಿನ್ ಇರುವುದಕ್ಕಿಂತ ತುಸು ಲೀನ್ (ಪೆಟ್ರೋಲು ಕಡಿಮೆ) ಕಾಣುತ್ತದೆ. ಸರಿಯಾಗಿ 14.7ರಲ್ಲಿ ಪ್ರವಾಹವೇ ಸೊನ್ನೆಯಾದ್ದರಿಂದ ಅಲ್ಲಿ ಈ ದೋಷವಿಲ್ಲ.

ನಿಜವಾದ ಲೀನ್ ಕೂಡ ಉಂಟು. ಮ್ಯಾನಿಫೋಲ್ಡ್ ಒತ್ತಡ ನೋಡಿ ಪೆಟ್ರೋಲು ಅಳೆಯುವ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಎತ್ತರದಲ್ಲಿ ಒಂದು ಸೂಕ್ಷ್ಮ ಬದಲಾವಣೆಯನ್ನು ಗಮನಿಸದೆ ಹೋಗಬಹುದು. ಹೊರಗಿನ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಉರಿದ ಹೊಗೆ ಸಿಲಿಂಡರಿನಿಂದ ಸಲೀಸಾಗಿ ಹೊರಹೋಗುತ್ತದೆ. ಒಳಗಿನ ಒತ್ತಡ ಅಷ್ಟೇ ಇದ್ದರೂ ತುಸು ಹೆಚ್ಚು ಹೊಸ ಗಾಳಿ ತುಂಬುತ್ತದೆ. ವಾಯುಭಾರದ ತಿದ್ದುಪಡಿ ಇಲ್ಲದ ಟ್ಯೂನ್‌ನಲ್ಲಿ ಮಿಶ್ರಣ ಲೀನ್ ಆಗುತ್ತದೆ. ಈ ಎರಡು ಲೀನ್‌ಗಳನ್ನು ಬೇರ್ಪಡಿಸುವುದು ಹೇಗೆ? ನಿಧಾನವಾಗಿ ಓಡುವಾಗ ಇಸಿಯು 14.7ನ್ನು ಕಾಯಲು ಎಷ್ಟು ಪೆಟ್ರೋಲು ಕೂಡಿಸುತ್ತಿದೆ, ಕಳೆಯುತ್ತಿದೆ ಎಂದು ನೋಡಿ. ಅಲ್ಲಿಯೂ ಕೂಡಿಸುತ್ತಿದ್ದರೆ ಕೊರತೆ ನಿಜವಾಗಿರುವ ಸಂಭವ ಹೆಚ್ಚು. ಅಲ್ಲಿ ಎಲ್ಲ ಸರಿಯಿದ್ದು ಪೂರ್ತಿ ಥ್ರಾಟಲ್‌ನಲ್ಲಷ್ಟೇ ಲೀನ್ ಕಂಡರೆ ಮೊದಲ ಅನುಮಾನ ಸೆನ್ಸರ್ ಮೇಲಿರಲಿ. ಗಾಳಿಯ ತೂಕವನ್ನೇ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ನಿಜವಾದ ಲೀನ್‌ನ ತಾಪತ್ರಯ ಕಡಿಮೆ.

ಇಂಧನದ ಮಾತೂ ಇದೆ. ಕೊಲರಾಡೋದ ಬಂಕುಗಳಲ್ಲಿ 85 ಆಕ್ಟೇನ್ ಪೆಟ್ರೋಲು ಸಾಮಾನ್ಯ. ತೆಳುಗಾಳಿಯಲ್ಲಿ ನಾಕಿಂಗ್ ಕಡಿಮೆ ಎಂಬ ಕಾರ್ಬ್ಯುರೇಟರ್ ಕಾಲದ ಲೆಕ್ಕ ಅದು. ಕಳೆದ ಒತ್ತಡವನ್ನು ಮರಳಿ ತುಂಬಿ, ಜೊತೆಗೆ ಗಾಳಿಯನ್ನು ಬಿಸಿಯೂ ಮಾಡುವ ಸೂಪರ್‌ಚಾರ್ಜರ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಗೇಜಿನಲ್ಲಿ 12 ಕಂಡಿತೆಂದು ಎಂಜಿನ್ ಸುರಕ್ಷಿತವೆಂದು ತಿಳಿಯಬಾರದು. ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಬೇಕಾದ ಗಾಳಿ ಸುಮಾರು 13.5 ಭಾಗ. ಆದರೆ ಗೇಜು ಲ್ಯಾಂಬ್ಡಾವನ್ನು, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬುದನ್ನು, ಅಳೆದು 14.7ರಿಂದ ಗುಣಿಸಿಯೇ ತೋರಿಸುತ್ತದೆ. ಲ್ಯಾಂಬ್ಡಾ 0.80 ಎಂದರೆ ಯಾವ ಇಂಧನಕ್ಕೂ ಅರ್ಥ ಒಂದೇ. ಹಾಗಾಗಿ ಗೇಜನ್ನು ಲ್ಯಾಂಬ್ಡಾದಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಟ್ಟದ ಮೇಲಿನ ರೀಡಿಂಗನ್ನು ಟ್ಯೂನರ್‌ಗೆ ಕಳಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಲ್ಯಾಂಬ್ಡಾ, ಶೂನ್ಯದಿಂದ ಎಣಿಸಿದ ಮ್ಯಾನಿಫೋಲ್ಡ್ ಒತ್ತಡ, ಆ ಜಾಗದ ವಾಯುಭಾರ, ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣಾಂಶ, ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದು ಕಳಿಸಿ. ವೈಡ್‌ಬ್ಯಾಂಡನ್ನು ಕೊನೆಯ ಬಾರಿ ಬರಿಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಿದ್ದು ಯಾವ ಎತ್ತರದಲ್ಲಿ ಎಂಬುದನ್ನೂ ಸೇರಿಸಿ.