ವಾರಾನ್ನವೂ ವಿದ್ಯಾರ್ಥಿನಿಲಯವೂ

ವಿದ್ಯೆಗೆ ಗುರುವು ಬೇಕು, ಗ್ರಂಥವು ಬೇಕು ಎಂದು ಎಲ್ಲರೂ ಹೇಳುವರು. ಹೊತ್ತಿಗೆ ಸರಿಯಾಗಿ ಅನ್ನವು ಬೇಕೆಂಬುದನ್ನು ಹೇಳುವವರು ವಿರಳ. ಆದರೆ ಕನ್ನಡ ನಾಡಿನಲ್ಲಿ ಎಷ್ಟು ಬಾಲಕರ ಓದು ನಿಂತುಹೋಯಿತು, ಎಷ್ಟು ಬಾಲಕರ ಓದು ಮುಂದುವರಿಯಿತು ಎಂಬುದನ್ನು ನಿರ್ಣಯಿಸಿದುದು ಶಾಲೆಯ ಶುಲ್ಕಕ್ಕಿಂತ ಹೆಚ್ಚಾಗಿ ಪರಸ್ಥಳದಲ್ಲಿ ದೊರೆಯುವ ಎರಡು ಹೊತ್ತಿನ ಊಟವೇ ಆಗಿದ್ದಿತು. ಹಳ್ಳಿಯಲ್ಲಿ ಅಕ್ಷರಾಭ್ಯಾಸವು ಮುಗಿದ ಮೇಲೆ ಹುಡುಗನು ಪೇಟೆಗೆ ಹೋಗಲೇಬೇಕು; ಅಲ್ಲಿ ಅವನಿಗೆ ಬಂಧುಗಳಿಲ್ಲ, ಕೈಯಲ್ಲಿ ಕಾಸಿಲ್ಲ. ಇಂತಹವನನ್ನು ಸಮಾಜವು ಯಾವ ಯಾವ ರೀತಿಯಲ್ಲಿ ಸಾಕಿತೆಂಬ ವೃತ್ತಾಂತವು ರಾಜರ ಯುದ್ಧಗಳ ವೃತ್ತಾಂತಕ್ಕಿಂತ ಕಡಿಮೆ ಸ್ವಾರಸ್ಯವುಳ್ಳದ್ದಲ್ಲ.

ಇದರ ಮೂಲವು ಬಹಳ ಹಿಂದಕ್ಕೆ ಹೋಗುತ್ತದೆ. ಈಗಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಶಕವರ್ಷ 867ರ, ಎಂದರೆ ಕ್ರಿಸ್ತಶಕ 945ರ, ಒಂದು ಸ್ತಂಭಶಾಸನವುಂಟು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದುವು. ಇರುಳು ಓದುವ ದೀಪಗಳ ಎಣ್ಣೆಗಾಗಿಯೇ 12 ನಿವರ್ತನ ಭೂಮಿಯನ್ನು ಬೇರೆಯಾಗಿ ಬಿಟ್ಟಿದ್ದರು. ದೀಪಕ್ಕೆಂದು ಹೊಲವನ್ನು ಬಿಟ್ಟವರು ಓದುವವನ ಕಷ್ಟವನ್ನು ಕಂಡವರೇ ಇರಬೇಕು. ಇದಕ್ಕಿಂತಲೂ ಗಮನಿಸತಕ್ಕ ಸಂಗತಿ ಮತ್ತೊಂದುಂಟು. ಆ ಗ್ರಾಮದ ಮಹಾಜನರು ತಮ್ಮ ಮನೆಯಲ್ಲಿ ವಿವಾಹವಾದಾಗ ಐದು ನಾಣ್ಯಗಳನ್ನೂ, ಉಪನಯನವಾದಾಗ ಅದರ ಅರ್ಧವನ್ನೂ, ಚೌಲವಾದಾಗ ಇನ್ನೂ ಸ್ವಲ್ಪ ಕಡಿಮೆಯಾಗಿಯೂ ಶಾಲೆಗೆ ಕೊಡತಕ್ಕುದೆಂದು ಒಪ್ಪಿಕೊಂಡರು. ರಾಜನ ದಾನವು ಒಂದು ಸಲ ಬರುವುದು. ಊರಿನ ಮದುವೆಗಳು ವರ್ಷವರ್ಷವೂ ಬರುವುವು. ಶಾಲೆಯ ಹೊರೆಯನ್ನು ಊರಿನ ಸಂತೋಷಕ್ಕೆ ಕಟ್ಟಿದುದು ನಿಜವಾದ ಲೋಕಜ್ಞಾನವೆನ್ನಬೇಕು.

ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಮತ್ತೂ ವಿಶಾಲವಾದ ಚಿತ್ರವನ್ನು ಕೊಡುತ್ತದೆ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ಪಾಠವು ನಡೆಯುತ್ತಿದ್ದ ಆ ಸ್ಥಾನದಲ್ಲಿಯೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅನ್ನವೂ, ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದಿತು. ಪಾಠಶಾಲೆಯೂ ಅನ್ನಸತ್ರವೂ ಚಿಕಿತ್ಸಾಲಯವೂ ಒಂದೇ ಸೂರಿನಡಿಯಲ್ಲಿದ್ದುವೆಂಬುದನ್ನು ನೆನಪಿನಲ್ಲಿಡಬೇಕು.

ದೊಡ್ಡ ದತ್ತಿಗಳು ಕ್ಷೀಣಿಸಿದ ಮೇಲೆ ಉಳಿದುದು ಗೃಹಸ್ಥನ ಮನೆ. ವಾರಾನ್ನವೆಂಬ ಪದ್ಧತಿಯು ಬೆಳೆದುದು ಆ ಮನೆಯ ಜಗಲಿಯ ಮೇಲೆ. ಏಳು ದಿನಕ್ಕೆ ಏಳು ಮನೆ. ಸೋಮವಾರ ಒಂದೆಡೆ, ಮಂಗಳವಾರ ಇನ್ನೊಂದೆಡೆ. ಕೇಳುವುದಕ್ಕೆ ಸುಲಭವಾಗಿ ತೋರುವ ಈ ಏರ್ಪಾಡು ನಡೆಸುವುದಕ್ಕೆ ಬಹಳ ಕಠಿನವಾದುದು. ವಾರವನ್ನು ಹಿಡಿಯುವುದೇ ಒಂದು ವಿದ್ಯೆ. ನಾಲ್ಕು ವಾರಗಳು ಸಿಕ್ಕಿ ಮೂರು ಸಿಕ್ಕದಿದ್ದರೆ ಆ ಮೂರು ದಿನ ಅವಲಕ್ಕಿಯೋ, ಉಪವಾಸವೋ, ದೇವಸ್ಥಾನದ ಪ್ರಸಾದವೋ. ಮನೆಯವರಿಗೆ ಜಾತಾಶೌಚವೋ ಮೃತಾಶೌಚವೋ ಬಂದರೆ ಹತ್ತು ದಿನ ಆ ವಾರವಿಲ್ಲ. ಯಜಮಾನನು ತೀರ್ಥಯಾತ್ರೆಗೆ ಹೊರಟರೆ ಅವನ ಪುಣ್ಯದ ಬೆಲೆಯನ್ನು ಹುಡುಗನ ಹೊಟ್ಟೆಯು ತೆರಬೇಕು. ಏಕಾದಶಿಯಂತೂ ಎಲ್ಲ ಮನೆಗಳಲ್ಲಿಯೂ ಏಕಾದಶಿಯೇ.

ಅನ್ನವನ್ನಿಟ್ಟ ತಾಯಂದಿರಲ್ಲಿ ಮಗನಿಗಿಂತ ಒಂದು ಹಿಡಿ ಹೆಚ್ಚಾಗಿ ಬಡಿಸಿದವರು ಅನೇಕರು. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಮನೆಮಂದಿಯೆಲ್ಲ ಉಂಡ ಮೇಲೆ ಉಳಿದುದನ್ನು ಹಾಕಿ, ನೀರು ಸೇದಿಸಿ, ಪೇಟೆಯ ಕೆಲಸವನ್ನು ಹೇಳಿ, ಮಕ್ಕಳಿಗೆ ಲೆಕ್ಕವನ್ನು ಕಲಿಸೆಂದವರೂ ಇಲ್ಲದಿರಲಿಲ್ಲ. ಎಸ್. ಎಲ್. ಭೈರಪ್ಪನವರು 1996ರಲ್ಲಿ ಹೊರತಂದ 'ಭಿತ್ತಿ' ಎಂಬ ಆತ್ಮವೃತ್ತಾಂತವನ್ನು ಓದಿದವರಿಗೆ ಈ ಅನ್ನದ ರುಚಿಯೂ ಕಹಿಯೂ ಎರಡೂ ತಿಳಿದಿವೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಪದವಿಯನ್ನು ಪಡೆಯುವವರೆಗೆ ಬೆಂಗಳೂರಿನಲ್ಲಿ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠವನ್ನು ಹೇಳಿಕೊಡುತ್ತ ಓದಿದರು. ದುಡಿದು ಉಂಡ ಅನ್ನಕ್ಕೂ ಬೇಡಿ ಉಂಡ ಅನ್ನಕ್ಕೂ ಭೇದವುಂಟೆಂಬುದನ್ನು ಆ ಕಾಲದ ಹುಡುಗರು ಚೆನ್ನಾಗಿ ಬಲ್ಲವರಾಗಿದ್ದರು.

ವಾರಾನ್ನದ ದೊಡ್ಡ ದೋಷವು ಹುಡುಗನು ಅನುಭವಿಸಿದ ಸಂಕೋಚವಲ್ಲ. ಅದರ ಬಾಗಿಲು ಬಹುಮಟ್ಟಿಗೆ ಬ್ರಾಹ್ಮಣ ವಟುಗಳಿಗೆ ಮಾತ್ರ ತೆರೆದಿದ್ದಿತು. ಒಕ್ಕಲಿಗನ ಮಗನು, ಕುರುಬನ ಮಗನು, ಊರ ಹೊರಗಿನ ಕೇರಿಯ ಮಗನು ಪೇಟೆಗೆ ಬಂದರೆ ಯಾವ ಜಗಲಿಯ ಮೇಲೆ ಕುಳಿತುಕೊಳ್ಳಬೇಕು? ಆ ಪದ್ಧತಿಯನ್ನು ಕೊಂಡಾಡುವವರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ.

ಅದನ್ನು ಕೇಳಿಕೊಂಡವರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಮುಖ್ಯರು. ಅವರು 1896ರಲ್ಲಿ ಎಲ್ಲ ಜಾತಿಯವರಿಗೂ ಸಮಾನವಾಗಿ ಒಂದು ವಸತಿಗೃಹವನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಅದರಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳಷ್ಟೇ ಉಳಿದುದನ್ನು ಕಂಡು ಮಾರ್ಗವನ್ನು ಬದಲಾಯಿಸಿ, 1901ರಿಂದ ಮರಾಠರಿಗೆ, ಜೈನರಿಗೆ, ಆಮೇಲೆ ಮುಸಲ್ಮಾನರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿದವರಿಗೆ ಬೇರೆ ಬೇರೆ ನಿಲಯಗಳನ್ನು ಏರ್ಪಡಿಸಿದರು. ಭೇದವನ್ನು ಹೋಗಲಾಡಿಸಹೊರಟವರು ಭೇದವನ್ನು ಅನುಸರಿಸಿಯೇ ಕಟ್ಟಡಗಳನ್ನು ಕಟ್ಟಬೇಕಾಯಿತೆಂಬುದು ವಿಚಿತ್ರವಾದರೂ ನಿಜ. ಇಡೀ ನಾಡಿನ ವಿದ್ಯಾರ್ಥಿನಿಲಯಗಳ ಇತಿಹಾಸದಲ್ಲಿ ಈ ಗಂಟು ಇಂದಿಗೂ ಪೂರ್ತಿಯಾಗಿ ಬಿಚ್ಚಿಲ್ಲ.

ಉತ್ತರ ಕರ್ನಾಟಕದಲ್ಲಿ ಇದೇ ಕಾರ್ಯವು ಜನರಿಂದಲೇ ಮೊದಲಾಗಿದ್ದಿತು. ಧಾರವಾಡದಲ್ಲಿ 1883ರಲ್ಲಿಯೇ ಲಿಂಗಾಯತ ವಿದ್ಯಾಭಿವೃದ್ಧಿ ನಿಧಿಯು ಸ್ಥಾಪಿತವಾಯಿತು. ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ ಅದಕ್ಕಾಗಿ ದುಡಿದರು. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯೆಗಾಗಿ ಬಿಟ್ಟುಹೋದರು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘವೂ 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದುವು. ಬೆಂಗಳೂರಿನ ರೈಲ್ವೆ ನಿಲ್ದಾಣದೆದುರಿಗೆ 1903ರಲ್ಲಿ ಧರ್ಮಛತ್ರವನ್ನು ಕಟ್ಟಿಸಿದ ಗುಬ್ಬಿ ತೋಟದಪ್ಪನವರ ದತ್ತಿಯು ದಾರಿಗನಿಗೆ ನೆರಳಾದಂತೆ ವಿದ್ಯಾರ್ಥಿಗೂ ನೆರಳಾಯಿತು.

ಮಂಗಳೂರಿನ ಕುದ್ಮುಲ್ ರಂಗರಾಯರ ಮಾರ್ಗವು ಇವೆಲ್ಲಕ್ಕಿಂತ ಕಠಿನವಾದುದು, ಏಕೆಂದರೆ ಅವರು ದುಡಿದುದು ತಮ್ಮ ಜಾತಿಯವರಿಗಾಗಿ ಅಲ್ಲ. ಸಾರಸ್ವತ ಬ್ರಾಹ್ಮಣರಾಗಿ ಹುಟ್ಟಿ, ವಕೀಲಿ ವೃತ್ತಿಯನ್ನು ಬದಿಗಿಟ್ಟು, 1897ರಲ್ಲಿ ದಲಿತವರ್ಗಗಳ ಉದ್ಧಾರ ಸಂಸ್ಥೆಯನ್ನು ಸ್ಥಾಪಿಸಿ, ಮಕ್ಕಳಿಗೆ ಶಾಲೆ, ವಸತಿ, ಕೈಗೆಲಸದ ಶಿಕ್ಷಣ ಇವನ್ನು ಕಲ್ಪಿಸಿದರು. ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನು ಅನುಭವಿಸಿದರು. ಅವರು 1928ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಅಂತ್ಯಕ್ರಿಯೆಗೆ ಕೈಹಾಕಿದವರು ಪೌರಕಾರ್ಮಿಕರು.

ಮಠಗಳ ಪೈಕಿ ತುಮಕೂರಿನ ಬಳಿಯ ಸಿದ್ಧಗಂಗೆಯನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಉದ್ದಾನ ಶಿವಯೋಗಿಗಳು 1917ರಲ್ಲಿ ಕೆಲವು ಬಾಲಕರಿಗೆ ತೆರೆದ ಉಚಿತ ನಿಲಯವು, 1941ರಲ್ಲಿ ಮಠದ ಹೊಣೆಯನ್ನು ಹೊತ್ತ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಹತ್ತು ಸಾವಿರದಷ್ಟು ವಿದ್ಯಾರ್ಥಿಗಳ ಮನೆಯಾಯಿತು. ಜಾತಿಯನ್ನು ಕೇಳದೆ ಪಂಕ್ತಿಯಲ್ಲಿ ಕೂರಿಸುವ ದಾಸೋಹಕ್ಕೆ ಸುತ್ತಣ ಹಳ್ಳಿಗಳ ರೈತರು ಸುಗ್ಗಿಯಲ್ಲಿ ರಾಗಿಯನ್ನೂ ತೆಂಗಿನಕಾಯಿಯನ್ನೂ ತಂದು ಸುರಿದರು. ಸ್ವಾಮಿಗಳು ಊರೂರಿಗೆ ಭಿಕ್ಷೆಗೆ ಹೋದರು. ಸಾಲೋಟಗಿಯ ಮದುವೆಯ ಕಾಣಿಕೆಯೇ ಇಲ್ಲಿ ಸುಗ್ಗಿಯ ಕಾಣಿಕೆಯಾಗಿ ಬಂದಂತಿದೆ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಅವರ ವಯಸ್ಸು 111.

ಹೆಣ್ಣುಮಕ್ಕಳ ವಿಷಯದಲ್ಲಿ ಹೇಳಬೇಕಾದುದು ಬಹಳವಿದ್ದರೂ ನಡೆದುದು ಕಡಿಮೆ. ವಾರಾನ್ನದ ಏಳು ಮನೆಗಳಲ್ಲಿ ಒಂದು ಮನೆಯೂ ಹುಡುಗಿಗಾಗಿ ಇರಲಿಲ್ಲ. ಭಾಗೀರಥಿಬಾಯಿ ಪುರಾಣಿಕರು 1928ರಲ್ಲಿ ಧಾರವಾಡದಲ್ಲಿ ವನಿತಾ ಸೇವಾ ಸಮಾಜವನ್ನು ಸ್ಥಾಪಿಸಿ, ನೆಲೆಯಿಲ್ಲದ ಸ್ತ್ರೀಯರಿಗೆ ವಸತಿಯನ್ನೂ ಓದನ್ನೂ ಒದಗಿಸಿದುದು ಆ ದೃಷ್ಟಿಯಿಂದ ಸಾಮಾನ್ಯವಾದ ಸಾಹಸವಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯಕ್ಕೆ ಪಡಿತರದ ಕಟ್ಟು ಬಿದ್ದಿತು. ತೂಕ ಹಾಕಿ ತಂದ ಅಕ್ಕಿಯಲ್ಲಿ ಹೊರಗಿನ ಹುಡುಗನಿಗೆ ಎಲೆ ಹಾಕುವುದು ಉದಾರಿಗಳಿಗೂ ಕಷ್ಟವಾಯಿತು, ಮನೆಗಳೂ ಚಿಕ್ಕವಾದುವು. ವಾರಾನ್ನವು ಯಾರೂ ನಿಲ್ಲಿಸದೆಯೇ ನಿಂತಿತು. ಅದರ ಸ್ಥಾನಕ್ಕೆ ಕ್ರಮವಾಗಿ ಸರ್ಕಾರದ ವಿದ್ಯಾರ್ಥಿನಿಲಯಗಳು ಬಂದುವು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭಿಸಿದ ಶಾಲಾಮಕ್ಕಳ ಮಧ್ಯಾಹ್ನದ ಊಟಕ್ಕೆ ಸರ್ಕಾರವು ಅಕ್ಷರ ದಾಸೋಹವೆಂದೇ ಹೆಸರಿಟ್ಟಿತು. ಹಳೆಯ ಶಬ್ದವು ಹೊಸ ಕಡತದೊಳಕ್ಕೆ ನಡೆದುಬಂದಿತು. ಆದರೂ ನಿಲಯದಲ್ಲಿ ಸ್ಥಳವನ್ನು ಬೇಡುವವರು ಇರುವ ಸ್ಥಳಕ್ಕಿಂತ ಹೆಚ್ಚು. ಆದುದರಿಂದ ಪ್ರವೇಶವು ಸಿಕ್ಕದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಎಂಬ ಏರ್ಪಾಡನ್ನು 2013-14ರಲ್ಲಿ ಮಾಡಲಾಯಿತು. ಆ ಹಣವನ್ನು ನೆಚ್ಚಿಕೊಂಡು ಹಳ್ಳಿಯ ಹುಡುಗನು ಪೇಟೆಯಲ್ಲಿ ಒಂದು ಕೊಠಡಿಯನ್ನು ಹುಡುಕುತ್ತಾನೆ. ಮನೆಯೊಡೆಯನು ಕೇಳುವ ಮೊದಲನೆಯ ಪ್ರಶ್ನೆಯು ಅನೇಕ ಕಡೆ ಇನ್ನೂ ಅವನ ಓದಿನ ವಿಷಯವಾಗಿರುವುದಿಲ್ಲ.